ಲೈಟಿನ ಕೀಬೋರ್ಡಿನ ಅಕ್ಷರಾಭ್ಯಾಸ

ಆಗಸ್ಟ್ 11, ಸೋಮವಾರ. ಬೆಳಿಗ್ಗೆ, ಕಾಟಾದ ಹೊರಗಿನ ಬೆಂಚು

...ಹಾಗಾಗಿ ಆ ಲೈಟು ಇರುವುದು ನನಗಲ್ಲ, ನೋಡುವವರಿಗೆ... ಅಯ್ಯೋ, ಸಾರಿ, ಸಾರಿ. ಮತ್ತೆ ಮೊದಲಿಂದ ಶುರು ಮಾಡುತ್ತೇನೆ. ಈಗ ಹೇಳಿದ್ದು ರೆಕಾರ್ಡೇ ಆಗಿಲ್ಲ ಅನಿಸುತ್ತದೆ, ಬೀಪ್ ಬರಲಿಲ್ಲ. ನಿನ್ನೆಯೂ ಹೀಗೇ. ಅಷ್ಟು ಹೊತ್ತು ಮಾತಾಡಿದೆ, ಫೋನು ಒಂದು ಮಾತೂ ಹಿಡಿದಿರಲಿಲ್ಲ. ಬೇಸರ ಮಾಡಿಕೊಳ್ಳಬೇಡ. ಯಾರಿಗೆ ಹೇಳುತ್ತಿದ್ದೇನೆ... ಫೋನಿಗೆ. ಬೇರೆ ಯಾರು ಕೇಳುತ್ತಾರೆ.

ಕಾಲೇಜಿನ ದಿನಗಳಿಂದ ಡೈರಿ ಬರೆಯುವ ಚಟ. ಹೋದ ತಿಂಗಳು ಶ್ರೀಲಕ್ಷ್ಮೀ, ನನ್ನ ಹೆಂಡತಿ, ಪುಟ ತೆರೆದು ನೋಡಿದಳು. "ಏನ್ರೀ ಇದು, ಸೋಮವಾರದ ಮ್ಯಾಲೆ ಮಂಗಳವಾರ ಬರದೀರಿ" ಅಂದಳು. ಸಾಲಿನ ಮೇಲೆ ಸಾಲು. ಅವತ್ತೇ ಪೆನ್ನು ಬಿಟ್ಟೆ. ಈಗ ಬಾಯಿಂದಲೇ.

ಬಲಗಣ್ಣು ಪೂರ್ತಿ ಹೋಗಿದೆ. ಸಕ್ಕರೆ ಕಾಯಿಲೆ ತಿಂದಿತು. ಎಡಗಣ್ಣಿನಲ್ಲಿ ಬೆಳಕು ಗೊತ್ತಾಗುತ್ತದೆ, ಎದುರಿಗೆ ಯಾರೋ ನಿಂತಿದ್ದಾರೆ ಅನ್ನುವುದು ಗೊತ್ತಾಗುತ್ತದೆ. ಯಾರು ಅನ್ನುವುದು ಅವರು ಬಾಯಿ ಬಿಟ್ಟ ಮೇಲೆ. ಕಣ್ಣಿನೊಳಗೇ ಸೂಜಿ ಚುಚ್ಚುತ್ತಾರೆ. ನಿಲ್ಲಿಸದೆ ಹಾಕಿಸಿಕೊಂಡರೆ ಇಷ್ಟಾದರೂ ಉಳಿಯುತ್ತದೆ, ನಿಲ್ಲಿಸಿದರೆ ಇದೂ ಇಲ್ಲ. ಡಾಕ್ಟರ್ ಮಾತು. ಆ ಸೂಜಿ ಇಎಸ್‌ಐ ಕಾರ್ಡಿನ ಮೇಲೆ. ಕಾರ್ಡು ನೌಕರಿಯ ಮೇಲೆ. ನೌಕರಿ ಕಣ್ಣಿನ ಮೇಲೆ. ಹೀಗೆ ಸುತ್ತಿಕೊಂಡಿದೆ.

ಕೆಲಸ ಏನು ಮಹಾ. ಗಾದಿಗನೂರಿನ ಈ ಕಾಟಾದಲ್ಲಿ ಅದಿರು ಲಾರಿ ತೂಕ ಮಾಡುತ್ತೇವೆ. ಸಂಡೂರು ಕಡೆಯಿಂದ ಲಾರಿ ಬಂದು ಕಾಟಾ ಹತ್ತುತ್ತದೆ. ಡ್ರೈವರ್ "ಆಚಾರ್ರ" ಅಂತ ನನ್ನನ್ನು ಕರೆದು ಕಿಟಕಿಯಲ್ಲಿ ಲಾರಿ ನಂಬರ್ ಕೂಗುತ್ತಾನೆ. ನಾನು ಟೈಪ್ ಮಾಡುತ್ತೇನೆ. ತೂಕ ತಾನೇ ಬಂದು ಕೂರುತ್ತದೆ, ಎಂಟರ್ ಒತ್ತಿದರೆ ಸ್ಲಿಪ್. ಇದರಲ್ಲಿ ಕಣ್ಣಿಗೆ ಎಲ್ಲಿದೆ ಕೆಲಸ? ಕಿವಿ ಸಾಕು, ಹತ್ತು ಬೆರಳು ಸಾಕು.

ಆದರೆ ಅದು ಆಫೀಸಿಗೆ ಅರ್ಥವಾಗುವುದಿಲ್ಲ. ಅದಕ್ಕೇ ಲೈಟಿನ ಕೀಬೋರ್ಡ್. ಹೊಸಪೇಟೆಯಲ್ಲಿ ನಾನೇ ಕೊಂಡೆ. ಗೇಮ್ ಆಡುವ ಹುಡುಗರು ತಗೊಳ್ಳುವಂಥದ್ದು, ಒಂದೊಂದು ಅಕ್ಷರದ ಕೆಳಗೂ ಬೆಳಕು. ತಂದ ಹೊಸದರಲ್ಲಿ ಅಕ್ಷರ ಕಾಣುತ್ತಿತ್ತು, ಖುಷಿಯಾಗಿತ್ತು. ಆಮೇಲೆ ಅಕ್ಷರ ಅಳಿಸಿ ಬರೀ ಬೆಳಕು ಉಳಿಯಿತು. ಈಗ ಒಂದು ನೀಲಿ ಕೆಸರು. ಆದರೂ ತಲೆ ಬಗ್ಗಿಸಿ ಅದನ್ನೇ ನೋಡುತ್ತಾ ಟೈಪ್ ಮಾಡುತ್ತೇನೆ. ಮುಖದ ಮೇಲೆ ಬೆಳಕು ಬಿದ್ದರೆ ಈ ಮನುಷ್ಯ ಏನೋ ನೋಡುತ್ತಿದ್ದಾನೆ ಅಂತ ಎಲ್ಲರೂ ನಂಬುತ್ತಾರೆ.

ಲಾರಿ ಬಂತು. ಹೊರಟೆ.

ಆಗಸ್ಟ್ 21, ಗುರುವಾರ. ಸಂಜೆ, ಮನೆ

ಇವತ್ತು ಮಜಾ. ಮೌನೇಶನನ್ನು ಕುಣಿಸಿದೆ.

ಮೌನೇಶ್ ಎರಡನೇ ಆಪರೇಟರ್, ಕಂಪ್ಲಿಯವನು. ಮೂವತ್ತೈದು ದಾಟಿದೆ, ಇನ್ನೂ ಒಂದೇ ಬೆರಳಲ್ಲಿ ಟೈಪ್ ಮಾಡುತ್ತಾನೆ. ಕೋಳಿ ಕಾಳು ಹೆಕ್ಕಿದಂತೆ. ನಾನು ಊಟಕ್ಕೆ ಎದ್ದರೆ ಅವನು ಕೂರಬೇಕು. ಕೂತ ಕೂಡಲೇ ಲಾರಿ ಸಾಲುಗಟ್ಟುತ್ತವೆ. ಇವತ್ತು ಡ್ರೈವರುಗಳನ್ನು ಕಿಟಕಿಗೆ ಕರೆದೆ.

"ಬರ್ರೆಪ್ಪಾ, ಬರ್ರಿ. ಒಂಟಿಬೆರಳಿನ ಮೌನೇಶಪ್ಪನ ಆಟ ನೋಡ್ರಿ. ಇನ್ನ 'ಕೆ' ಹುಡುಕ್ಲಿಕ್ಕೆ ಹೋಗ್ಯಾನ, 'ಎ' ಸಿಗೂದರಾಗ ನಿಮ್ಮ ಲಾರಿಗೆ ತುಕ್ಕು ಹಿಡೀತದ."

ಎಲ್ಲರೂ ನಕ್ಕರು. ಎರ್ರಿಯಪ್ಪ ಅಂತ ಡ್ರೈವರ್, ಮರಿಯಮ್ಮನಹಳ್ಳಿಯವನು, ಅವನಂತೂ ಕೆಮ್ಮಿ ಕೆಮ್ಮಿ ನಕ್ಕ. "ಇನ್ನೊಂದ್ ಒಂಬತ್ತು ಬೆರಳು ಮನ್ಯಾಗ ಬಿಟ್ ಬಂದಿಯೇನಲೇ?"

ಮೌನೇಶ್ ಮಾತಾಡಲಿಲ್ಲ. ಮಾತಾಡದವರ ಮುಖ ನನಗೆ ಈಗ ಗೊತ್ತಾಗುವುದಿಲ್ಲ. ಹಿಂದೆ ಮುಖ ನೋಡಿ ಎಷ್ಟು ಮುಂದುವರಿಸಬೇಕು, ಎಲ್ಲಿ ನಿಲ್ಲಿಸಬೇಕು ಅಂದಾಜು ಮಾಡುತ್ತಿದ್ದೆ. ಈಗ ನಗು ನಿಲ್ಲುವವರೆಗೆ ಹೇಳುತ್ತಾ ಹೋಗುತ್ತೇನೆ. ಬಹುಶಃ ಜಾಸ್ತಿ ಹೇಳಿದೆ. ಹೇಳಿದರೆ ಹೇಳಿದೆ, ಬಿಡು. ಅವನ ನಿಧಾನ ನನ್ನ ಸ್ಪೀಡು ಕಾಯುತ್ತದೆ. ಅವನು ಹತ್ತು ಬೆರಳು ಕಲಿತ ದಿನ ನನ್ನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಸೆಪ್ಟೆಂಬರ್ 9, ಮಂಗಳವಾರ. ಮಧ್ಯಾಹ್ನ, ಊಟದ ಹೊತ್ತು

ಊಟದ ಡಬ್ಬಿ ಇನ್ನೂ ತೆರೆದಿಲ್ಲ.

ಲಾರಿ ಹತ್ತಿತು. ಸದ್ದು ಕೇಳಿ ಎರ್ರಿಯಪ್ಪನದೇ ಅಂತ ಗೊತ್ತಾಯಿತು. ಬೆರಳು ಇಟ್ಟು ಕಾದೆ. ನಂಬರ್ ಬರಲಿಲ್ಲ. "ಹೇಳಪ್ಪಾ" ಅಂದೆ. ಇಲ್ಲ. ಕಿಟಕಿಯ ಗಾಜು ಟಕ್ ಟಕ್ ಅಂತು. "ಬಾಯಾಗ ಏನರ ಇಟ್ಕೊಂಡೀಯೇನು? ನಂಬರ್ ಹೇಳು!" ರೇಗಿದೆ. ಮತ್ತೆ ಟಕ್ ಟಕ್.

ಹಿಂದಿನಿಂದ ಮೌನೇಶ್, ಭಾಳ ಮೆತ್ತಗೆ: "ಆಚಾರ್ರ... ಅವ್ನ ಗಂಟ್ಲು ಕಟ್ಟೈತ್ರಿ. ಚೀಟಿ ಬರ್ದು ಕಿಟಕ್ಯಾಗ ಹಿಡಕಂಡಾನ. ನಿಮ್ ಮಕದ ಮುಂದ ಐತಿ."

"ಚಷ್ಮಾಕ್ಕೆ ಧೂಳು ಕೂತದ" ಅಂದೆ. ತೆಗೆದು ಪಂಚೆಯ ಅಂಚಿಗೆ ಒರೆಸಿದೆ.

"ಹೌದ್ರಿ, ಧೂಳು ಭಾಳ" ಅಂದ. ತಾನೇ ನಂಬರ್ ಓದಿ ಹೇಳಿದ. ಟೈಪ್ ಮಾಡಿದೆ. ಲಾರಿ ಇಳಿದು ಹೋಯಿತು.

ಆಮೇಲೆ ಬಹಳ ಹೊತ್ತು ಅವನು ಹಿಂದೆಯೇ ನಿಂತಿದ್ದ. ಉಸಿರು ಕೇಳುತ್ತಿತ್ತು. ಗಾಳಿ ಏನೋ ಅಲ್ಲಾಡಿತು, ಮುಖದ ಹತ್ತಿರ. ಕೈ ಆಡಿಸಿದನೇನೋ. ನಾನು ಕೀಬೋರ್ಡಿನ ಬೆಳಕಿನಿಂದ ತಲೆ ಎತ್ತಲಿಲ್ಲ.

ಸೆಪ್ಟೆಂಬರ್ 30, ಮಂಗಳವಾರ. ಸಂಜೆ

ನಾಳೆ ಆಯುಧಪೂಜೆ. ಕಾಟಾ ಪೂರ್ತಿ ತೊಳೆದರು. ಊರಮ್ಮ ಕಸ ಗುಡಿಸುವವಳು, ಬೆಳಗಿನಿಂದ ಕೊಡದ ಮೇಲೆ ಕೊಡ ನೀರು ಹಾಕುತ್ತಿದ್ದಳು. ವರ್ಷದ ಕೆಂಪು ಧೂಳು, ಸುಮ್ಮನೆ ಹೋಗುತ್ತದೆಯೇ. ಜಾಕು, ಸ್ಪ್ಯಾನರು, ಪ್ರಿಂಟರು, ಫ್ಯಾನು, ಎಲ್ಲ ಕೆಲಸ ನಿಲ್ಲಿಸಿ ಮೈ ತೊಳೆಸಿಕೊಳ್ಳುವ ದಿನ.

ಮೌನೇಶ್ ಬಂದ. "ಆಚಾರ್ರ, ನಿಮ್ ಕೀಬೋರ್ಡ್ ಕೊಡ್ರಿ. ಒಂದೊಂದ ಗುಂಡಿ ಕಿತ್ತು, ತೊಳ್ದು, ಒಣಗ್ಸಿ ಹಾಕ್ತೀನಿ. ಒಳಗ ಅದಿರು ಕುಂತೈತಿ, ಅದನ್ನ ತೂಕಕ್ಕ ಹಾಕಬೌದು."

ಬೇಡ ಅನ್ನಲು ಬಾಯಿ ಬರಲಿಲ್ಲ. ಆಯುಧಪೂಜೆಗೆ ತೊಳೆಯಬೇಡ ಅಂತ ಹೇಗೆ ಹೇಳುವುದು, ಅದೂ ನಾನು, ನಾಳೆ ಪೂಜೆ ಮಾಡಿಸಬೇಕಾದ ಆಚಾರ್ಯ. ಕೊಟ್ಟೆ. ಸಂಜೆ ವಾಪಸ್ ತಂದುಕೊಟ್ಟ. ಲಾರಿಗಳ ನಂಬರ್ ಹೊಡೆದೆ. ಒಂದೂ ತಪ್ಪಲಿಲ್ಲ. ಮೇಲಿನ ಸಾಲಿನಲ್ಲಿ ಒಂದೆರಡು ಗುಂಡಿ ಸ್ವಲ್ಪ ಓರೆ ಅನಿಸಿತು, ಬೆರಳ ತುದಿಗೆ. ತೊಳೆದು ಕೂರಿಸಿದ್ದಲ್ಲವೇ, ಹೊಸ ಚಪ್ಪಲಿ ಇದ್ದ ಹಾಗೆ. ನಾಲ್ಕು ದಿನಕ್ಕೆ ಸರಿಹೋಗುತ್ತದೆ.

"ಹೆಂಗೈತ್ರಿ?" ಅಂದ.

"ಬೆಳ್ಳಗ ಹೊಳೀಲಿಕತ್ತದ" ಅಂದೆ.

ಯಾರೋ ಹೊರಗೆ ಓಡಿಹೋದರು. ನಗು ತಡೆದುಕೊಳ್ಳಲಾಗದವರು ಓಡುವ ಹಾಗೆ. ಹಬ್ಬದ ಹುರುಪು.

ಅಕ್ಟೋಬರ್ 1, ಬುಧವಾರ. ಮಧ್ಯಾಹ್ನ

ಎದೆ ತುಂಬಿದೆ. ಮರೆಯುವ ಮೊದಲು ಹೇಳಿಬಿಡುತ್ತೇನೆ.

ಪೂಜೆ ನಾನೇ ಮಾಡಿಸಿದೆ. ಮ್ಯಾನೇಜರ್ ರಾಯಣ್ಣ ಹೊಸ ಶರ್ಟು ಹಾಕಿಕೊಂಡು ಬಂದಿದ್ದರು. ಪಿನ್ನು ತೆಗೆಯದ ಬಟ್ಟೆಯ ಸದ್ದು. ಕೀಬೋರ್ಡಿಗೆ ಚೆಂಡುಹೂವಿನ ಸರ. "ಲೈಟ್ ಹಾಕ್ರಿ, ಲಕ್ಷಣ ಕಾಣ್ತೈತಿ" ಅಂದರು ಯಾರೋ. ಹಾಕಿದೆ. ಸುತ್ತ ಫೋನುಗಳು ಚಕ್ ಚಕ್ ಅಂದವು. ಇಷ್ಟು ಫೋಟೊ ನನ್ನ ಮದುವೆಯಲ್ಲೂ ತೆಗೆದಿರಲಿಲ್ಲ. ನನ್ನ ಕೈಯಾರೆ ಆ ಗುಂಡಿಗಳಿಗೆ ಕುಂಕುಮ ಹಚ್ಚಿದೆ.

ಮಂಗಳಾರತಿ ಆದ ಮೇಲೆ ಮೌನೇಶ್ ಮುಂದೆ ಬಂದು ಕೂತ. ತೆಂಗಿನಕಾಯಿ, ಬಾಳೆಹಣ್ಣು, ಎಲೆ ಅಡಿಕೆ ನನ್ನ ಕೈಗಿಟ್ಟ.

"ನಾಳೆ ದಶಮಿ, ರಜಾ. ಇವತ್ತ ನನಿಗೆ ಅಕ್ಷರಾಭ್ಯಾಸ ಮಾಡ್ಸಿಬಿಡ್ರಿ ಆಚಾರ್ರ. ಹತ್ತು ಬೆರಳು ಕಲೀಬೇಕಂತ ಮಾಡೀನಿ. ನೀವ ಗುರು."

ಎರಡು ತಿಂಗಳಿಂದ ಅವನನ್ನು ಎಷ್ಟು ಅಂದಿದ್ದೇನೆ, ಎಷ್ಟು ಆಡಿಸಿದ್ದೇನೆ. ಅವನು ನೋಡಿದರೆ ಹೀಗೆ. ಚಿಕ್ಕ ಮಕ್ಕಳ ಕೈ ಹಿಡಿದು ಅಕ್ಕಿಯ ಮೇಲೆ ಬರೆಸುತ್ತೇವಲ್ಲ, ಹಾಗೆ ಅವನ ತೋರುಬೆರಳು ಹಿಡಿದೆ. ಮೇಲಿನ ಸಾಲಿನ ಮೊದಲ ಗುಂಡಿಯ ಮೇಲೆ ಇಟ್ಟೆ.

"ಹೇಳು. ಕ್ಯೂ."

"ಕ್ಯೂ."

"ಸರಿಯಾಗಿ ನೋಡಿ ಹೇಳು. ಡಬ್ಲ್ಯೂ."

"ನೋಡಿ ಹೇಳಾಕತ್ತೀನ್ರಿ ಗುರುಗಳ. ಡಬ್ಲ್ಯೂ."

"ಈ. ಆರ್. ಟಿ."

ಒಂದೊಂದನ್ನೂ ಮಗುವಿನ ಹಾಗೆ ಹೇಳಿದ. ಅವನ ಬೆರಳು ನಡುಗುತ್ತಿತ್ತು. ನಗುವಿಗೋ ಅಳುವಿಗೋ, ನಡುಗುವುದು ಒಂದೇ ಥರ. ಕಾಲಿಗೆ ಬಿದ್ದ. ನನ್ನ ಕಣ್ಣಲ್ಲಿ ನೀರು ಬಂತು. ನೀರಿಗೇನು, ಅದಕ್ಕೆ ದೃಷ್ಟಿ ಬೇಕಾಗಿಲ್ಲ. ತಲೆ ಮುಟ್ಟಿ ಆಶೀರ್ವಾದ ಮಾಡಿದೆ. ನನ್ನ ಕುರ್ಚಿಯಲ್ಲಿ ಕೂರುವಂಥವನಾಗು ಅಂದೆ.

ಎಲ್ಲರೂ ಚಪ್ಪಾಳೆ ಹೊಡೆದರು. ಊರಮ್ಮ ಒಬ್ಬಳೇ "ಸಾಕು ಬಿಡ್ರೆಪ್ಪಾ, ಪಾಪ" ಅಂದಳು. ಯಾಕೆ ಅಂದಳೋ.

ಅಕ್ಟೋಬರ್ 5, ಭಾನುವಾರ. ಸಂಜೆ

ಪಡಸಾಲೆಯಲ್ಲಿ ಕೂತಿದ್ದೆ. ಅಡಿಗೆಮನೆಯಿಂದ ನನ್ನದೇ ಧ್ವನಿ ಬಂತು.

"ಹೇಳು. ಕ್ಯೂ."

ಆಮೇಲೆ ನಗು. ಪೂಜೆಯ ದಿನ ನನಗೆ ಕೇಳಿಸದ ನಗು. ಫೋನಿನ ಹತ್ತಿರ ನಿಂತು ಬಾಯಿ ಮುಚ್ಚಿಕೊಂಡು ನಕ್ಕದ್ದು.

"ಲಕ್ಷ್ಮೀ, ಏನದು?"

"ಏನಿಲ್ರೀ."

"ಜೋರು ಮಾಡು."

ಮಾಡಲಿಲ್ಲ. ಬಂದು ಪಕ್ಕದಲ್ಲಿ ಕೂತಳು. ಅವಳ ತಮ್ಮ ವೇದಾಂತ್ ಪೂಜೆಯ ದಿನದ ವಿಡಿಯೊ ಕಳಿಸಿದ್ದನಂತೆ, ಇದು ಭಾವನೇನಾ ಅಂತ ಕೇಳಿ. ಅವನಿಗೆ ಇನ್ಯಾರೋ. ಹೊಸಪೇಟೆ ತುಂಬ ಹೋಗಿದೆಯಂತೆ.

"ಗುಂಡಿ ಅದಲು ಬದಲು ಮಾಡ್ಯಾರ್ರೀ. ಮ್ಯಾಲಿನ ಸಾಲಿನಾಗ ಇಂಗ್ಲಿಷಿನಾಗ 'ಕುರ್ಡ' ಅಂತ ಕೂಡಿಸ್ಯಾರ. ಲೈಟ್ ಹತ್ತೇದ, ದೊಡ್ಡದಾಗಿ ಕಾಣ್ತದ. ನೀವು ಕ್ಯೂ ಅಂತ ತೋರ್ಸಿದ್ದು ಕೆ ಅದ. ಡಬ್ಲ್ಯೂ ಅಂದದ್ದು ಯು. ನೀವು ಅದಕ್ಕ ಕುಂಕುಮ ಹಚ್ಚಲಿಕತ್ತೀರಿ."

ನನಗೆ ಮೊದಲು ಹೊಳೆದದ್ದು ಅವಮಾನ ಅಲ್ಲ. ಲೆಕ್ಕ ಎಷ್ಟು ಚೆನ್ನಾಗಿದೆ ಅನ್ನುವುದು. ಕಣ್ಣಿದ್ದವನಾಗಿದ್ದರೆ ಮಂಗಳವಾರ ಸಂಜೆಯೇ ಕಿರುಚುತ್ತಿದ್ದೆ, ಇಲ್ಲ ತಡವರಿಸುತ್ತಿದ್ದೆ. ಬದಲಾದದ್ದು ಗುಂಡಿಯ ಮೇಲಿನ ಅಕ್ಷರ ಮಾತ್ರ, ಜಾಗದ ಕೆಲಸ ಅದೇ. ನಾನು ಒಂದೂ ತಪ್ಪಿಲ್ಲದೆ ಟೈಪ್ ಮಾಡಿದೆ. ತಪ್ಪು ಮಾಡದೇ ಇದ್ದದ್ದೇ ಸಾಕ್ಷಿ. ಒಂಟಿಬೆರಳಿನವನು ಹತ್ತು ಬೆರಳಿನವನನ್ನು ಹಿಡಿದ ಬಗೆ ಇದು.

ಮಧ್ಯೆ ಶುಕ್ರವಾರ, ಶನಿವಾರ ಎರಡು ದಿನ ಅದೇ ಕೀಬೋರ್ಡಿನ ಮುಂದೆ ತಲೆ ಬಗ್ಗಿಸಿ ಕೂತಿದ್ದೆನಲ್ಲ. ಲಾರಿಯವರೆಲ್ಲ ಕಿಟಕಿಯಲ್ಲಿ ಬಗ್ಗಿ "ಮಸ್ತ್ ಐತ್ರಿ ಆಚಾರ್ರ ಲೈಟು" ಅಂತಿದ್ದರು. ನಾನು "ಹೌದಲ್ಲ!" ಅಂತಿದ್ದೆ.

ಅಕ್ಟೋಬರ್ 14, ಮಂಗಳವಾರ. ಸಂಜೆ

ಒಂದು ವಾರ ಬಾಯಿ ತೆರೆಯಲಿಲ್ಲ. ಕೆಲಸಕ್ಕೂ ಹೋಗಲಿಲ್ಲ. ಇವತ್ತು ರಾಯಣ್ಣ ಮನೆಗೇ ಬಂದರು, ಚಿತ್ತವಾಡ್ಗಿಯ ಈ ಓಣಿಗೆ. ಕಾಫಿ ಕುಡಿದರು. ಬೈಯುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಸಕ್ಕರೆಯಂಥ ಮಾತು.

"ಆಚಾರ್ರ, ನಿಮಗ ಕಣ್ ಕಾಣ್ತಾವು."

"ಇಲ್ಲ ರಾಯಣ್ಣಾರ. ಮುಚ್ಚಿಟ್ಟದ್ದು ನಿಜ. ಈಗ ಹೇಳಿಬಿಡ್ತೀನಿ—"

"ನೀವೇನೂ ಹೇಳಬ್ಯಾಡ್ರಿ, ನಾ ಹೇಳ್ತೀನಿ ಕೇಳ್ರಿ. ಶನಿವಾರದ ತನಕ ನಿಮಗ ಕಣ್ ಕಾಣ್ತಾವು. ಆಮ್ಯಾಗ ನಿಮ್ಮಿಷ್ಟ."

ಅದಿರು ಕೊಳ್ಳುವ ಫ್ಯಾಕ್ಟರಿಯವರು ವಿಡಿಯೊ ನೋಡಿದ್ದಾರೆ. ಕುರುಡ ಕೊಟ್ಟ ಸ್ಲಿಪ್ಪು ಯಾಕೆ ನಂಬಬೇಕು ಅಂತ ಕೇಳಿದ್ದಾರೆ. ಹಳೆಯ ತೂಕವೆಲ್ಲ ಮತ್ತೆ ನೋಡಬೇಕಂತೆ. ಶನಿವಾರ ಖುದ್ದು ಬರುತ್ತಾರೆ. ರಾಯಣ್ಣ ಅವರಿಗೆ ಹೇಳಿಬಿಟ್ಟಿದ್ದಾರೆ: ಆಚಾರ್ ಕುರುಡನಲ್ಲ, ಭಾಳ ಮಸ್ಕಿರಿ ಮನುಷ್ಯ, ಹಬ್ಬಕ್ಕೆ ನಗಿಸಲು ಗುಂಡಿ ಜೋಡಿಸಿದ್ದು ಅವನೇ, ಬೇಕಂತಲೇ ತಪ್ಪು ಓದಿದ.

"ಅವ್ರ ಮುಂದ ಕುಂದ್ರಿ. ಗುಂಡಿ ಮ್ಯಾಲ ಬೆರಳಿಟ್ಟು ಆ ಐದು ಅಕ್ಷರ ಇದ್ದದ್ದು ಇದ್ದಂಗ ಓದ್ರಿ. 'ನಾನ ಮಾಡಿದ್ದು ಸಾರ್' ಅನ್ರಿ. ನಗ್ರಿ. ಅಷ್ಟ. ನಿಮ್ ಹೆಸರು ಹಾಜರ್ಯಾಗ ಇರತೈತಿ, ಕಾರ್ಡ್ ಇರತೈತಿ, ಸೂಜಿ ನಿಲ್ಲಂಗಿಲ್ಲ. ಬೆಂಚಿನ ಮ್ಯಾಲ ಕುಂತು ಚಾ ಕುಡ್ಕೋತ ಇರ್ರಿ."

"ಓದಲಿಲ್ಲ ಅಂದ್ರ?"

"ಓದದಿದ್ರ ನೀವು ಕುರುಡ್ರು. ಕುರುಡ್ರಿಗೆ ನಮ್ಮಲ್ಲಿ ಪೋಸ್ಟ್ ಇಲ್ರಿ."

"ಮೌನೇಶಗ ಏನು ಮಾಡ್ತೀರಿ?"

"ಏನ್ ಮಾಡೋದು? ಟೈಪ್ ಮಾಡಾಕ ಒಬ್ಬ ಬೇಕಲ್ಲ."

ಒಳಗಿನಿಂದ ಶ್ರೀಲಕ್ಷ್ಮೀ ಹೇಳಿದಳು: "ಓದ್ತಾರ್ರೀ. ನಾ ಓದಸ್ತೀನಿ."

ಅಕ್ಟೋಬರ್ 16, ಗುರುವಾರ. ಬೆಳಿಗ್ಗೆ

ಹುಣಸೆ ಬೀಜ ಸಾಲಾಗಿ ಜೋಡಿಸಿದ್ದಾಳೆ, ಮಣೆಯ ಮೇಲೆ. ನನ್ನ ಬೆರಳು ಹಿಡಿದು ಒಂದೊಂದರ ಮೇಲೆ ಇಡುತ್ತಾಳೆ.

"ಹೇಳ್ರೀ."

"ಕ್ಯೂ."

ಕೈಗೆ ಒಂದು ಪೆಟ್ಟು. "ಕೆ! ಎಷ್ಟ್ ಸಲ ಹೇಳಬೇಕು?"

ಮೂವತ್ತು ವರ್ಷದ ಅಭ್ಯಾಸ. ಆ ಜಾಗ ಮುಟ್ಟಿದರೆ ಬಾಯಿ ತಾನೇ ಕ್ಯೂ ಅನ್ನುತ್ತದೆ. ಕೆ, ಯು, ಆರ್, ಡಿ, ಎ. ನನ್ನನ್ನೇ ಕರೆದುಕೊಳ್ಳುವ ಹೆಸರನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಿದ್ದೇನೆ. ಸರಿಯಾಗಿ ಹೇಳಿದೆ.

"ಈಗ ನಗ್ರೀ."

ನಕ್ಕೆ.

"ಅದು ನಗೂ ಅಲ್ಲ, ಹಲ್ಲು ನೋವು. ಇನ್ನೊಮ್ಮೆ."

"ಮಾನ ಅನ್ನೂದು ಒಂದು ಇಲ್ಲೇನು ಲಕ್ಷ್ಮೀ?"

ಬೀಜ ಸರಿಪಡಿಸುತ್ತಿದ್ದ ಕೈ ನಿಂತಿತು. "ನಿಮ್ಮ ಮಾನ ಊರೆಲ್ಲಾ ನೋಡ್ಯಾರ. ಉಳಿದದ್ದು ಒಂದು ಕಣ್ಣು. ಅದೂ ಹೋದ್ರ ಬಚ್ಚಲಕ್ಕ, ಬಸ್ಸಿಗೆ, ಎಲ್ಲಾಕಡೆ ನಿಮ್ಮನ್ನ ಕೈ ಹಿಡಕೊಂಡು ತಿರುಗಲಿಕ್ಕೆ ನನ್ನ ಕೈಲೆ ಆಗೂದಿಲ್ಲ. ಖರೇ ಹೇಳ್ತೀನಿ, ಆಗೂದಿಲ್ಲ. ಓದ್ರೀ."

ಓದಿದೆ. ಕೊನೆಗೆ ನಗು ಬಂತು. ಅವಳು "ಹಾಂ, ಇದು" ಅಂದಳು.

ಅಕ್ಟೋಬರ್ 18, ಶನಿವಾರ. ಕಾಟಾದ ಹೊರಗಿನ ಬೆಂಚು

ಮೆಲ್ಲಗೆ ಮಾತಾಡುತ್ತೇನೆ. ಫ್ಯಾಕ್ಟರಿಯವರು ಒಳಗಿದ್ದಾರೆ. ಎರಡು ಹೊಸ ಧ್ವನಿ, ಒಂದು ಹಿಂದಿ. ರಾಯಣ್ಣ ದೊಡ್ಡದಾಗಿ ನಗುತ್ತಿದ್ದಾರೆ, ನನ್ನ ಮಸ್ಕಿರಿಯ ಕಥೆ ಹೇಳಿ. ನನ್ನನ್ನು ಇನ್ನೂ ಕರೆದಿಲ್ಲ. ಶ್ರೀಲಕ್ಷ್ಮೀ ಗೇಟಿನವರೆಗೆ ಬಿಟ್ಟು ಹೋದಳು. ಬಾಗಿಲಿಂದ ಕುರ್ಚಿಗೆ ದಾರಿ ಗೊತ್ತಿದೆ. ಐದು ಅಕ್ಷರ ಗೊತ್ತಿದೆ. ನಗು ಗೊತ್ತಿದೆ.

ಈಗ ಊರಮ್ಮ ಬಂದಳು. ಕಸ ಗುಡಿಸುವ ನೆಪದಲ್ಲಿ ಹತ್ತಿರ ಬಂದು ಬಗ್ಗಿದಳು.

"ಆಚಾರ್ರ, ಹೊತ್ತಾರಿ ಮೌನೇಶಪ್ಪ ಮತ್ತ ಗುಂಡಿ ಕಿತ್ತು ಕಿತ್ತು ಹಾಕ್ದ. ಚಾಕು ತಗಂಡು. ನಾ ನೋಡೀನಿ."

"ಯಾವ ಗುಂಡಿ? ಏನು ಮಾಡ್ದ?"

"ನನಿಗೇನ್ ಓದಾಕ ಬರ್ತೈತ್ರಿ? ಮೊನ್ನಿ ಇದ್ದಂಗ ಇಲ್ಲ, ಅಷ್ಟ ಗೊತ್ತು."

ರಾಯಣ್ಣ ಹೇಳಿ ಮಾಡಿಸಿದರೇ? ಫ್ಯಾಕ್ಟರಿಯವರ ಮುಂದೆ ಆ ಮಾತು ಬೇಡ ಅಂತ ಎಲ್ಲ ಮೊದಲಿನ ಜಾಗಕ್ಕೆ ಹಾಕಿಸಿದರೇ? ಹಾಗಿದ್ದರೆ ನನಗೆ ಹೇಳುತ್ತಿದ್ದರು. ಅಥವಾ ಮೌನೇಶನೇ... ನಾನು ಹಾಜರಿಯಲ್ಲಿ ಉಳಿಯುವುದೂ ಅವನಿಗೆ ಬೇಡ. ಇನ್ನೇನು ಬರೆದಿದ್ದಾನೋ. ಒಳಗೆ ಹೋಗಿ ಅವರ ಮುಂದೆ ರಾಯಣ್ಣನನ್ನು ಕೇಳಿದರೆ, ನನಗೆ ಕಾಣುವುದಿಲ್ಲ ಅನ್ನುವುದಕ್ಕೆ ಕೇಳಿದ್ದೇ ಉತ್ತರವಾಗುತ್ತದೆ.

"ಊರಮ್ಮಾ, ಚಾ ಕೊಡ್ಲಿಕ್ಕೆ ಒಳಗ ಹೋಗ್ತೀಯಲ್ಲ. ಮ್ಯಾಲಿನ ಸಾಲು, ಎಡಗಡೆಯಿಂದ. ಹೆಂಗ ಕಾಣ್ತಾವ ನೋಡಿಕೊಂಡು ಬಾ. ಆಕಾರ ಹೇಳಿದ್ರ ಸಾಕು."

ಹೋದಳು. ಕಪ್ಪುಗಳ ಸದ್ದು ಕೇಳಿತು. ಬಂದಳು.

"ಮೊದಲನೇದು ದುಂಡಗ ಐತ್ರಿ."

"ಬಾಲ ಅದ ಏನು? ಕೆಳಗ ಸಣ್ಣ ಬಾಲ?"

"ಬಾಲ... ನೋಡ್ಲಿಲ್ರಿ. ಅವ ಮೌನೇಶಪ್ಪ ಅಡ್ಡ ನಿಂತಿದ್ದ. ತಡೀರಿ, ಕಪ್ಪು ತರಾಕ ಹೋಗ್ತೀನಿ, ಆವಾಗ ನೋಡ್ತೀನಿ."

ಮತ್ತೆ ಹೋಗಿದ್ದಾಳೆ. ದುಂಡಗೆ. ಬಾಲ ಇದ್ದರೆ ಕ್ಯೂ, ಎಲ್ಲ ಮೊದಲಿನ ಹಾಗೆ, ಮೂವತ್ತು ವರ್ಷದ ಹಾಗೆ ಓದಿಬಿಡುತ್ತೇನೆ. ಬಾಲ ಇಲ್ಲದಿದ್ದರೆ ಓ. ಅಥವಾ ಸಿ, ಅಥವಾ ಜಿ, ಅವೂ ದುಂಡಗೇ... ಓ ಇಂದ ಏನು ಬರುತ್ತದೆ? ಅವನಿಗೆ ನನ್ನ ಮೇಲೆ ಎಷ್ಟು ಸಿಟ್ಟಿದೆ ಅಂತ ಗೊತ್ತಿದ್ದರೆ ಉಳಿದ ಅಕ್ಷರ ಊಹಿಸಬಹುದಿತ್ತು. ಅವನ ಮುಖ ನೋಡಿ ಎಷ್ಟು ದಿನ—

"ಆಚಾರ್ರ! ಬರ್ರಿ ಒಳಗ. ಸಾಹೇಬ್ರು ಕಾಯಾಕತ್ಯಾರ."

ಮೌನೇಶನ ಧ್ವನಿ. ಬಾಗಿಲಲ್ಲೇ ಇದ್ದಾನೆ. ಊರಮ್ಮ ಇನ್ನೂ ಹೊರಗೆ ಬಂದಿಲ್ಲ.

"ಬಂದೆ... ಬಂದೆನಪ್ಪಾ, ಒಂದ್ನಿಮಿಷ—"

"ಕೈ ಹಿಡೀಲೇನ್ರಿ ಗುರುಗಳ?"

"ಬ್ಯಾಡ." ಫೋನು ಇಡುತ್ತೇನೆ. ಊರಮ್ಮನ ಹೆಜ್ಜೆಯೇನೋ ಅದು, ಇಲ್ಲ, ಅದು ಮೌನೇಶನದು—